ಡೊಂಬಿವಲಿಯ ಬಾಲ್ಕನಿಗೆ ಬಂದ ಲೇತು

ನಮ್ಮ ಮನೆಗೆ ಬಂದವರು ಬಾಲ್ಕನಿ ಕಡೆ ನೋಡಿ ಮೊದಲು ಕೇಳುವುದು, "ಅದೇನು, ಹೊಲಿಗೆ ಮಷೀನಾ?" ಅಂತ. ಹಳೆಯ ಬೆಡ್‌ಶೀಟು ಹೊದಿಸಿಟ್ಟಿರುವುದರಿಂದ ಹಾಗೆ ಕಾಣುತ್ತದೆ. ಹೊದಿಕೆ ತೆಗೆದರೆ ಒಳಗಿರುವುದು ಸುಮಾರು 40 ಕಿಲೋ ತೂಗುವ ಒಂದು ಪುಟ್ಟ ಲೇತು. ಅದರಲ್ಲಿ ನಾನು ಪೂಲ್ ಮತ್ತು ಸ್ನೂಕರ್ ಆಡುವ ಕ್ಯೂಗಳನ್ನು ರಿಪೇರಿ ಮಾಡುತ್ತೇನೆ. ಇಷ್ಟು ಹೇಳಿದ ಮೇಲೆ ಬಂದವರು ಸಾಮಾನ್ಯವಾಗಿ ಚಹಾ ಕಡೆ ತಿರುಗಿಬಿಡುತ್ತಾರೆ. ನೀವು ಇನ್ನೂ ಓದುತ್ತಿದ್ದರೆ ಉಳಿದದ್ದನ್ನೂ ಹೇಳುತ್ತೇನೆ.

ನಾನು ಹರಿಹರದವನು. ಹರಿಹರ ಅಂದರೆ ಹೊರಗಿನವರಿಗೆ ಹರಿಹರೇಶ್ವರನ ಗುಡಿ, ತುಂಗಭದ್ರೆಯ ಸೇತುವೆ. ನಮಗೆ ಮಾತ್ರ ಕಿರ್ಲೋಸ್ಕರ್. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೇ ಲೇತು. ನಮ್ಮ ಅಪ್ಪಾಜಿ ಅಲ್ಲಿ ಟರ್ನರ್ ಆಗಿದ್ದು 1997ರಲ್ಲಿ ನಿವೃತ್ತರಾದರು. ಲೇತಿನ ಭಾಗಗಳನ್ನು ಲೇತಿನ ಮೇಲೆಯೇ ಕಡೆಯುವ ಕೆಲಸ. ಚಿಕ್ಕವನಿದ್ದಾಗ ನನಗದು ವಿಚಿತ್ರ ಅನ್ನಿಸುತ್ತಿತ್ತು. ಹಾಗಾದರೆ ಮೊಟ್ಟಮೊದಲ ಲೇತನ್ನು ಯಾವುದರ ಮೇಲೆ ಮಾಡಿದರು ಅಂತ ಕೇಳಿದ್ದೆ. "ಮೊದಲು ಲೆಕ್ಕ ಮಾಡು, ಆಮೇಲೆ ತತ್ವ ಮಾತಾಡೀಯಂತೆ" ಅಂದಿದ್ದರು. ಲೆಕ್ಕವನ್ನೇ ಮಾಡಿದೆ. ಬಿ.ಕಾಂ. ಮುಗಿಸಿ 1989ರಲ್ಲಿ ಮುಂಬಯಿಗೆ ಬಂದು, ಹಡಗು ಸಾಗಣೆಯ ಒಂದು ಕಂಪನಿಯಲ್ಲಿ 31 ವರ್ಷ ಲೆಕ್ಕವನ್ನೇ ಬರೆದೆ. ಅಪ್ಪಾಜಿಯ ಕೈಯ ಕೆಲಸ ನನ್ನ ಕೈಗೆ ಬರಲಿಲ್ಲ, ಬರಲಿ ಅಂತ ನಾನೂ ಬಯಸಿರಲಿಲ್ಲ.

ಆಟ ಅಂಟಿಕೊಂಡದ್ದು ಲೋಕಲ್ ಟ್ರೈನಿನ ಗದ್ದಲದಿಂದ. ಸಂಜೆ ಆರೂವರೆಯ ಗಾಡಿಯಲ್ಲಿ ಡೊಂಬಿವಲಿ ತನಕ ನಿಂತು ಬರುವುದಕ್ಕಿಂತ ಠಾಣೆಯಲ್ಲಿ ಇಳಿದು, ಒಂದು ಗಂಟೆ ಕಳೆದು, ಗದ್ದಲ ಇಳಿದ ಮೇಲೆ ಮುಂದೆ ಹೋಗುವುದು ಸುಖ. ಸ್ಟೇಷನ್ನಿನ ಹತ್ತಿರ ಎರಡನೆಯ ಮಹಡಿಯಲ್ಲಿ ಒಂದು ಪಾರ್ಲರ್ ಇತ್ತು. ಎರಡು ಸ್ನೂಕರ್ ಟೇಬಲ್, ನಾಲ್ಕು ಪೂಲ್ ಟೇಬಲ್. ಅಲ್ಲಿಯ ಮರಾಠಿ ಗೆಳೆಯರು ವಿಲ್ಸನ್ ಜೋನ್ಸ್ 1958ರಲ್ಲೇ ವಿಶ್ವ ಬಿಲಿಯರ್ಡ್ಸ್ ಗೆದ್ದವರು, ಮೈಕೆಲ್ ಫೆರೇರಾ ನಮ್ಮ ಮುಂಬಯಿಯವರು ಅಂತ ಹೆಮ್ಮೆ ಕೊಚ್ಚಿಕೊಂಡರೆ, ನಾನು ಪಂಕಜ್ ಅಡ್ವಾಣಿಯ ಹೆಸರು ತೆಗೆಯುತ್ತಿದ್ದೆ. ಹುಟ್ಟಿದ್ದು ಪುಣೆಯಲ್ಲಿ ಅಂತ ಅವರು, ಆಡಿ ಬೆಳೆದದ್ದು ಬೆಂಗಳೂರಿನಲ್ಲಿ ಅಂತ ನಾನು. ಈ ಜಗಳ ಹದಿನೈದು ವರ್ಷ ನಡೆಯಿತು. ಆಟ ಮಾತ್ರ ನನ್ನದು ಸಾಧಾರಣವೇ.

ನನ್ನ ಕಣ್ಣು ಮೇಜಿಗಿಂತ ಹೆಚ್ಚಾಗಿ ಅಲ್ಲಿಯ ಮಾರ್ಕರ್ ಚಾಚಾನ ಕೈ ಮೇಲಿರುತ್ತಿತ್ತು. ಮಾರ್ಕರ್ ಅಂದರೆ ಅಂಕ ಬರೆಯುವವನು, ಬಟ್ಟೆ ಉಜ್ಜುವವನು, ಕ್ಯೂಗಳ ವೈದ್ಯ, ಎಲ್ಲವೂ ಅವನೇ. ಕ್ಯೂವಿನ ತುದಿಯಲ್ಲಿ ಚರ್ಮದ ಒಂದು ಸಣ್ಣ ಬಿಲ್ಲೆ ಇರುತ್ತದೆ, ಅದು ಟಿಪ್. ಚೆಂಡಿಗೆ ತಾಗುವುದು ಅದೊಂದೇ. ಸ್ನೂಕರ್ ಕ್ಯೂವಿನಲ್ಲಿ ಅದು ಒಂಬತ್ತೂವರೆ ಮಿಲಿಮೀಟರ್ ಆಸುಪಾಸು, ಪೂಲ್ ಕ್ಯೂವಿನಲ್ಲಿ ಹದಿಮೂರರ ಹತ್ತಿರ. ಅದರ ಕೆಳಗೆ ಬಳೆಯಂಥ ಒಂದು ತುಂಡು, ಫೆರೂಲ್. ಸ್ನೂಕರಿನದು ಹಿತ್ತಾಳೆ, ಪೂಲಿನದು ಬಿಳಿ ಪ್ಲಾಸ್ಟಿಕ್ಕಿನಂಥದ್ದು. ಹೊಡೆತದ ಪೆಟ್ಟಿಗೆ ಮರ ಸೀಳದಂತೆ ಕಾಯುವುದು ಅದರ ಕೆಲಸ. ಚಾಚಾ ಹಳೆಯ ಟಿಪ್ಪನ್ನು ಬ್ಲೇಡಿನಲ್ಲಿ ಕತ್ತರಿಸಿ, ಮರಳು ಕಾಗದವನ್ನು ನೆಲಕ್ಕೆ ಇಟ್ಟು ಕ್ಯೂವನ್ನು ನೆಟ್ಟಗೆ ನಿಲ್ಲಿಸಿ ಉಜ್ಜಿ, ಫೆವಿಕ್ವಿಕ್ಕಿನ ಎರಡು ಹನಿ ಹಾಕಿ ಹೊಸ ಟಿಪ್ಪನ್ನು ಒತ್ತಿ ಹಿಡಿಯುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ನಲವತ್ತು ವರ್ಷದ ಕೈ.

2020ರ ಲಾಕ್‌ಡೌನಿನಲ್ಲಿ ಪಾರ್ಲರ್ ಮುಚ್ಚಿತು, ಚಾಚಾ ಉತ್ತರ ಪ್ರದೇಶದ ತನ್ನ ಊರಿಗೆ ಹೋದವನು ಬರಲಿಲ್ಲ. ಅದೇ ವರ್ಷ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ತೆಗೆದುಕೊಂಡೆ ಅನ್ನುವುದು ಕಾಗದದ ಮಾತು, ನಿಮಗೆ ಅರ್ಥವಾದೀತು. ಪಾರ್ಲರ್ ಮತ್ತೆ ತೆರೆದಾಗ ಟಿಪ್ ಹಾಕುವವರು ಯಾರೂ ಇರಲಿಲ್ಲ. ನೋಡಿ ಕಲಿತದ್ದನ್ನು ಮಾಡಿ ನೋಡಿದೆ. ಐದಾರು ಕೆಟ್ಟವು, ಆಮೇಲೆ ಬಂತು. 54 ವಯಸ್ಸಿನಲ್ಲಿ, ಯಾರೋ ಅಪರಿಚಿತರು "ಅಂಕಲ್, ಬಹುತ್ ಅಚ್ಛಾ ಹುಆ" ಅಂತ ಹೇಳಿ 150 ರೂಪಾಯಿ ಕೈಗಿಟ್ಟಾಗ ಆದ ಸಂತೋಷವನ್ನು ಮನೆಯಲ್ಲಿ ಸರಿಯಾಗಿ ಹೇಳಲೂ ಆಗಲಿಲ್ಲ. ಲೆಕ್ಕದವನಲ್ಲವೇ, ಪ್ರತಿ ಕೆಲಸವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಹೀಗೆ ಎರಡು ವರ್ಷ. ಕೈ ಕೆಲಸಕ್ಕೆ ಒಂದು ಮಿತಿ ಇದೆ. ಎಷ್ಟೇ ಜಾಗ್ರತೆಯಿಂದ ಉಜ್ಜಿದರೂ ಫೆರೂಲಿನ ಮುಖ ಅಂಚಿನಲ್ಲಿ ಒಂದು ಕೂದಲಿನಷ್ಟು ಇಳಿದುಬಿಡುತ್ತದೆ. ನಡುವೆ ಉಬ್ಬು ಬಂದರೆ ಟಿಪ್ ಅಂಚಿನಿಂದ ಎದ್ದು ಬರುತ್ತದೆ, ಆಡುವವನ ಹೊಡೆತ 'ಠಕ್' ಅನ್ನುವ ಬದಲು 'ಠಪ್' ಅನ್ನುತ್ತದೆ. ಫೆರೂಲೇ ಒಡೆದಿದ್ದರಂತೂ ಕೈಯಲ್ಲಿ ಆಗುವ ಮಾತೇ ಅಲ್ಲ. ಪೂಲ್ ಕ್ಯೂವಿನ ಮರದ ತುದಿಯನ್ನು ಸುಮಾರು 8 ಮಿಲಿಮೀಟರಿಗೆ ಸಣ್ಣದಾಗಿಸಿ, ಅದರ ಮೇಲೆ ಹೊಸ ಫೆರೂಲ್ ಕೂರಿಸಬೇಕು. ಆ ಸಣ್ಣ ಮೊಳೆ ಮರದ ನಟ್ಟನಡುವೆ ಇರಬೇಕು. ಚಾಕುವಿನಲ್ಲಿ ಕೆತ್ತಿದರೆ ಯಾವತ್ತೂ ನಡುವೆ ಬರುವುದಿಲ್ಲ.

ನಾನೇನು ಮಾಡಿದೆ ಅಂದರೆ, ಯಾರೋ ಮಾಡಿದ್ದನ್ನು ನೋಡಿ, ಕೈ ಡ್ರಿಲ್ಲನ್ನು ಹಲಗೆಗೆ ಕಟ್ಟಿ, ಪೂಲ್ ಕ್ಯೂವಿನ ಮುಂದಿನ ಅರ್ಧವನ್ನು ಒಂದು ಬೋಲ್ಟಿನ ಮೂಲಕ ಅದಕ್ಕೆ ಸಿಕ್ಕಿಸಿ ತಿರುಗಿಸತೊಡಗಿದೆ. ಶುರುವಿನಲ್ಲಿ ಚೆನ್ನಾಗೇ ಆಯಿತು. 2023ರ ಮಳೆಗಾಲದಲ್ಲಿ ಒಬ್ಬ ಹುಡುಗ ತನ್ನ ಕ್ಯೂ ತಂದ. ಹತ್ತೊಂಬತ್ತು ವಯಸ್ಸು, ಅಪ್ಪ ರಿಕ್ಷಾ ಓಡಿಸುತ್ತಾರೆ, ನಾಲ್ಕು ವರ್ಷ ದುಡ್ಡು ಕೂಡಿಟ್ಟು ಕೊಂಡ ಮೇಪಲ್ ಮರದ ಕ್ಯೂ. ನಾಲ್ಕು ದಿನದಲ್ಲಿ ಅವನಿಗೆ ಪಂದ್ಯವಿತ್ತು. ಶಾಫ್ಟ್ ಜಿಡ್ಡಾಗಿದೆ, ಬೆರಳ ಮೇಲೆ ಜಾರುವುದಿಲ್ಲ, ಸ್ವಲ್ಪ ಸ್ವಚ್ಛ ಮಾಡಿಕೊಡಿ ಅಂದ. ಡ್ರಿಲ್ಲಿಗೆ ಹಾಕಿ ಮರಳು ಕಾಗದ ಸುತ್ತಿ ಹಿಡಿದೆ. ಫೋನ್ ಬಂತು. ಫೋನ್ ಎಡಗೈಯಲ್ಲಿ, ಕಾಗದ ಬಲಗೈಯಲ್ಲಿ, ಒಂದೇ ಜಾಗದಲ್ಲಿ. ಇಳಿಸಿ ವರ್ನಿಯರ್ ಇಟ್ಟಾಗ ತುದಿಯಲ್ಲಿ 12.8, ಅಲ್ಲಿಂದ ಒಂದು ಗೇಣು ಹಿಂದೆ 12.3. ಮರಕ್ಕೆ ಸೊಂಟ ಬಂದಿತ್ತು.

ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಬೆರಳುಗಳ ನಡುವೆ ಜಾರುವ ಮರದಲ್ಲಿ ಆ ತಗ್ಗು ಗುಂಡಿಯಂತೆ ಸಿಗುತ್ತದೆ. ತೆಗೆದ ಮರವನ್ನು ಮತ್ತೆ ಹಾಕಲಾಗುವುದಿಲ್ಲ. ಹುಡುಗ ಕ್ಯೂವನ್ನು ಎಡಗೈ ಮೇಲೆ ಎರಡು ಸಲ ಆಡಿಸಿದ. ಮೂರನೆಯ ಸಲ ಆಡಿಸಲಿಲ್ಲ. "ಚಲ್ತಾ ಹೈ ಅಂಕಲ್" ಅಂದು ಚೀಲಕ್ಕೆ ಹಾಕಿಕೊಂಡು ಹೋದ. ದುಡ್ಡು ಬೇಡ ಅಂದೆ, ಅದನ್ನೂ ಕೊಟ್ಟೇ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ಆ ವಾರವೇ ಲೇತು ಕೊಳ್ಳಬೇಕೆಂದು ನಿರ್ಧರಿಸಿದೆ. ಹೇಳಲು ಹಿಂಜರಿಕೆಯಾದರೂ ಅಪ್ಪಾಜಿಗೆ ಫೋನ್ ಮಾಡಿದೆ. ಅವರಿಗಾಗ 84. ಎರಡೂ ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿದೆ, ಕಿವಿ ಮಾತ್ರ ಚುರುಕು. ಮಗ ಲೇತಿನ ಬಗ್ಗೆ ಕೇಳಿದ್ದು ಅದೇ ಮೊದಲು. ಖುಷಿಪಡುತ್ತಾರೆ ಅಂದುಕೊಂಡೆ. ಅವರು ಖುಷಿಪಡಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ. ಗಿರಾಕಿಯ ಹತ್ತಿರ ಮಾತಾಡುವ ಹಾಗೆ ಮೂರು ಪ್ರಶ್ನೆ ಕೇಳಿದರು. "ಜಾಬು ಎಷ್ಟು ದಪ್ಪ? ಎಷ್ಟು ಉದ್ದ? ಎಷ್ಟು ಗಟ್ಟಿ? ಇದನ್ನ ಬರಕೊಂಡು ಬಾ, ಆಮ್ಯಾಲೆ ಮಷೀನಿನ ಮಾತು."

ಬರೆದುಕೊಂಡೆ. ಪೂಲ್ ಕ್ಯೂ ಒಟ್ಟು 58 ಇಂಚು, ನಡುವೆ ಬಿಚ್ಚಿಕೊಳ್ಳುತ್ತದೆ, ಅಂದರೆ ಶಾಫ್ಟ್ 29 ಇಂಚು. ತುದಿಯಲ್ಲಿ 13 ಮಿಲಿಮೀಟರ್, ಜೋಡಿಸುವ ಕಡೆ 21ರ ಮೇಲೆ, ಹಿಂದಿನ ಬಟ್ ಸುಮಾರು 32. ಸ್ನೂಕರ್ ಕ್ಯೂ ಹೆಚ್ಚಾಗಿ ಆ್ಯಶ್ ಮರದ್ದು, 57-58 ಇಂಚು, ಹಲವು ಒಂದೇ ತುಂಡು. ಕಡೆಯುವ ವಸ್ತು ಮರ, ಚರ್ಮ, ಪ್ಲಾಸ್ಟಿಕ್, ತೆಳು ಹಿತ್ತಾಳೆ. ಗಟ್ಟಿ ಯಾವುದೂ ಅಲ್ಲ.

ಮೊದಲು ನೋಡಿದ್ದು ಮರ ಕಡೆಯುವ ಲೇತು. ಅಗ್ಗ, ಮರದ್ದೇ ಕೆಲಸ, ಇನ್ನೇನು ಬೇಕು ಅನ್ನಿಸಿತ್ತು. ಚನ್ನಪಟ್ಟಣದ ಬೊಂಬೆಯವರನ್ನು ನೋಡಿದ್ದ ನೆನಪು ಬೇರೆ: ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಅದರ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುವುದು. ಆದರೆ ಅಲ್ಲಿ ಉಳಿ ಇರುವುದು ಮನುಷ್ಯನ ಕೈಯಲ್ಲಿ. ಕೈ ಪಳಗಿದ್ದರೆ ಸರಿ. ನನ್ನ ಕೈ ಏನು ಮಾಡುತ್ತದೆ ಅಂತ ನೋಡಿಯಾಗಿತ್ತಲ್ಲ. ಮೇಲಾಗಿ ಮರದ ಲೇತಿನ ಸ್ಪಿಂಡಲಿನಲ್ಲಿ ಕ್ಯೂ ಹಾದುಹೋಗುವಷ್ಟು ತೂತು ಇರುವುದಿಲ್ಲ. ಕ್ಯೂ ರಿಪೇರಿಯ ಗುಟ್ಟೇ ಆ ತೂತು. ಕ್ಯೂವನ್ನು ಹಿಂದಿನಿಂದ ತೂರಿಸಿ, ಚಕ್ಕಿನ ಮುಂದೆ ತುದಿ ಒಂದೆರಡು ಇಂಚು ಮಾತ್ರ ಇಣುಕುವಂತೆ ಹಿಡಿಯಬೇಕು. ಉಳಿದ ಉದ್ದವೆಲ್ಲ ಮಷೀನಿನ ಬೆನ್ನ ಹಿಂದೆ. ಹಾಗಾಗಿ ಲೋಹ ಕಡೆಯುವ ಲೇತೇ ಬೇಕು. ಅದರಲ್ಲಿ ಉಳಿ ಹಿಡಿಯುವುದು ಮಷೀನು, ನಾವು ತಿರುಗಿಸುವುದು ಹಿಡಿಕೆ, ನೂರನೆಯ ಒಂದು ಪಾಲು ಮಿಲಿಮೀಟರಿನ ಲೆಕ್ಕ ಡಯಲಿನ ಮೇಲೆ.

ಕುರ್ಲಾ ಕಡೆಯ ಒಂದು ಹಳೇ ಮಷೀನಿನ ಅಂಗಡಿಗೆ ಹೋದದ್ದು ಹೇಳಲೇಬೇಕು. ಗುಜರಿಯ ನಡುವೆ ಎಣ್ಣೆ ಮೆತ್ತಿದ ದೊಡ್ಡ ಲೇತುಗಳು ಸಾಲಾಗಿ ನಿಂತಿದ್ದವು. ರಾಜಕೋಟದ್ದು, ಬಟಾಲಾದ್ದು. ಮೂರನೆಯದರ ಹೆಡ್‌ಸ್ಟಾಕನ್ನು ಬಟ್ಟೆಯಲ್ಲಿ ಒರೆಸಿದಾಗ ಫಲಕದ ಮೇಲೆ 'ಹರಿಹರ' ಅಂತ ಕಂಡಿತು. ಅದರ ಮೇಲೆ ಕೈಯಿಟ್ಟು ನಿಂತೆ. ಅಪ್ಪಾಜಿಯೇ ಇದರ ಯಾವುದೋ ಗಾಲಿಯನ್ನು ಕಡೆದಿರಬಹುದು. ಬೆಲೆ ನನ್ನ ಕೈಗೆ ಎಟುಕುವಂತಿತ್ತು. ಸ್ಪಿಂಡಲಿನ ತೂತಿನಲ್ಲಿ ಬಟ್ ಕೂಡ ಆರಾಮಾಗಿ ಹೋಗುತ್ತಿತ್ತು, ಬೆಡ್ಡಿನ ಉದ್ದ ಶಾಫ್ಟಿಗೂ ಸಾಕಿತ್ತು. ಅಲ್ಲಿಂದಲೇ ಅಪ್ಪಾಜಿಗೆ ಫೋನ್ ಹಚ್ಚಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಬೆಡ್ಡಿನ ಮ್ಯಾಲೆ ಉಗುರು ಆಡಿಸು. ಚಕ್ಕಿನ ಹತ್ತಿರ ಮೆಟ್ಟಿಲು ಸಿಗತದಾ?" ಅಂದರು. ಸಿಕ್ಕಿತು. "ಸವದದೆ. ಅದು ಮುಖ್ಯ ಅಲ್ಲ ಬಿಡು. ನಿಮ್ಮ ಮನೆ ಎಷ್ಟನೇ ಮಹಡಿ?" ಮೂರನೆಯದು, ಲಿಫ್ಟಿಲ್ಲ. "ಆ ಮಷೀನು ಟನ್ನಿನ ಲೆಕ್ಕದ್ದು. ನಿಮ್ಮ ಬಿಲ್ಡಿಂಗು ನಾವು ಕಟ್ಟಿಸಿದ್ದಲ್ಲ. ಬಾ ಮನೆಗೆ." ಬಂದೆ. ಆ ಫಲಕದ ಫೋಟೋ ಇನ್ನೂ ಫೋನಿನಲ್ಲಿದೆ.

ಅಮೆರಿಕದಲ್ಲಿ ಕ್ಯೂ ರಿಪೇರಿಗೆಂದೇ ಮಾಡಿದ ಲೇತುಗಳಿವೆ. ಹಗುರ, ಕ್ಯೂ ಹಿಡಿಯುವ ಕಾಲೆಟ್ಟುಗಳು, ಹಿಂದಿನ ಆಸರೆ ಎಲ್ಲ ಜೊತೆಗೇ ಬರುತ್ತವೆ. ನೋಡಿ ಆಸೆಯಾಯಿತು. ಸಾಗಣೆ, ಸುಂಕ ಕೂಡಿಸಿದೆ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230, ಮಧ್ಯೆ ಟ್ರಾನ್ಸ್‌ಫಾರ್ಮರ್ ಕೂಡಿಸಿದೆ. ಪುಟ ಮುಚ್ಚಿದೆ.

ಉಳಿದದ್ದು ಚೀನಾದ ಮಿನಿ ಲೇತು. ಏಳು ಇಂಚು-ಹದಿನಾಲ್ಕು ಇಂಚು ಅನ್ನುತ್ತಾರೆ: ಬೆಡ್ಡಿನ ಮೇಲೆ 7 ಇಂಚು ಅಗಲದ ವಸ್ತು ತಿರುಗಬಹುದು, ಎರಡು ಸೆಂಟರುಗಳ ನಡುವೆ 14 ಇಂಚು ಉದ್ದ. ಸ್ಪಿಂಡಲಿನ ತೂತು 20 ಮಿಲಿಮೀಟರ್. ಇದರ ಅಣ್ಣನಂಥ ಇನ್ನೊಂದು ಮಾದರಿಯಿದೆ, ತೂತು 38. ಬೆಲೆ ಸರಿಸುಮಾರು ಒಂದೂಮುಕ್ಕಾಲು ಪಟ್ಟು, ತೂಕವೂ ಹಾಗೆಯೇ. ನನ್ನ ಮನಸ್ಸು 38ರ ಕಡೆಗಿತ್ತು. ಬಟ್ ಕೂಡ ಹೋಗುತ್ತದಲ್ಲ, ಕೊಳ್ಳುವುದಾದರೆ ಪೂರ್ತಿ ಕೊಳ್ಳೋಣ ಅನ್ನುವ ಮುಂಬಯಿ ಬುದ್ಧಿ.

ಒಂದು ದಿನ ಒಂದು ಪೂಲ್ ಶಾಫ್ಟನ್ನೂ ನನ್ನ ಸ್ನೂಕರ್ ಕ್ಯೂವನ್ನೂ ಹೆಗಲಿಗೆ ಹಾಕಿಕೊಂಡು ನಾಗದೇವಿ ಸ್ಟ್ರೀಟಿಗೆ ಹೋದೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಿಗುವ ಆ ಬೀದಿಯಲ್ಲಿ ಮೊಳೆಯಿಂದ ಹಿಡಿದು ಮಷೀನಿನವರೆಗೆ ಎಲ್ಲ ಇದೆ. ಉದ್ದದ ಚೀಲ ನೋಡಿ ಸ್ಟೇಷನ್ನಿನ ಪೊಲೀಸ್ ಒಮ್ಮೆ ಬಿಚ್ಚಿಸಿದ, ಅಂಗಡಿಯ ಸೇಠ್ ಇನ್ನೊಮ್ಮೆ ಬಿಚ್ಚಿಸಿ ನಕ್ಕ. ಲೇತಿನ ಹಿಂಬದಿಯಿಂದ ಕ್ಯೂ ತೂರಿಸಿದ ಗಿರಾಕಿ ಅವನಿಗೆ ನಾನೇ ಮೊದಲಂತೆ. 20ರ ತೂತಿನಲ್ಲಿ ಎರಡೂ ಹೋದವು. 21 ಮಿಲಿಮೀಟರಿನ ಜೋಡಣೆಯ ಕಡೆ ಹೋಗಬೇಕಾಗಿಯೇ ಇಲ್ಲ, ತುದಿ ಹೊರಬಂದರೆ ಸಾಕು; ಅಷ್ಟು ದೂರದಲ್ಲಿ ಮರ ಇನ್ನೂ ಸಣ್ಣದೇ ಇರುತ್ತದೆ. ಅಪ್ಪಾಜಿ ಹೇಳಿಕೊಟ್ಟ ಪರೀಕ್ಷೆಗಳನ್ನೂ ಮಾಡಿದೆ. ಚಕ್ ಬಿಚ್ಚಿಸಿ ಸ್ಪಿಂಡಲಿನ ಮೇಲೇ ಡಯಲ್ ಇಟ್ಟು ಕೈಯಿಂದ ತಿರುಗಿಸುವುದು. ಚಕ್ಕಿನ ಮೇಲೆ ಇಟ್ಟು ನೋಡಿದರೆ ತಪ್ಪು ಚಕ್ಕಿನದೋ ಮಷೀನಿನದೋ ಗೊತ್ತಾಗುವುದಿಲ್ಲ. ಕ್ಯಾರೇಜನ್ನು ಬೆಡ್ಡಿನ ಈ ತುದಿಯಿಂದ ಆ ತುದಿಗೆ ಓಡಿಸುವುದು. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಟೇಲ್‌ಸ್ಟಾಕಿನ ಸೆಂಟರನ್ನು ಹೆಡ್‌ಸ್ಟಾಕಿನ ಸೆಂಟರಿಗೆ ಮೂಗಿಗೆ ಮೂಗು ತಾಗಿಸುವುದು. ಅಂಗಡಿಯಲ್ಲಿ ಅದೇ ಮಾದರಿಯ ಮೂರು ಪೀಸ್ ಇದ್ದವು. ಮೂರನ್ನೂ ನೋಡಿದೆ. ಒಂದರ ಮೂಗು ಸ್ಪಷ್ಟವಾಗಿ ಸೊಟ್ಟಗಿತ್ತು. ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಗೆಯೇ ಹೊತ್ತು ತರಬೇಡಿ ಅನ್ನುವುದು ಇದಕ್ಕೇ.

20 ಬೇಕೋ 38 ಬೇಕೋ ಅಂತ ಆ ರಾತ್ರಿ ಅಪ್ಪಾಜಿ ಹತ್ತಿರ ವಾದಕ್ಕಿಳಿದೆ. "ನೋಟ್‌ಬುಕ್ ಇಟ್ಟೀಯಲ್ಲ, ಓದು" ಅಂದರು. ಓದಿದೆ. ಎರಡು ವರ್ಷದಲ್ಲಿ 143 ಕೆಲಸ. ಅದರಲ್ಲಿ ಟಿಪ್ 118, ಫೆರೂಲ್ 17, ಸಡಿಲಾದ ಜಾಯಿಂಟ್ ಸ್ಕ್ರೂ 5, ಬಟ್ಟಿನ ಹಿಂದಿನ ರಬ್ಬರು 3. "ಹಂಗಾದ್ರೆ ಆ ಮೂರು ರಬ್ಬರಿಗೆ ಅಷ್ಟು ದುಡ್ಡು ಸುರೀತೀಯಾ? ಉಳಿದ ದುಡ್ಡಾಗೆ ಒಳ್ಳೇ ಡಯಲ್ ತಗೋ, ಸ್ಟೆಡಿ ತಗೋ, ಟೂಲ್ ತಗೋ."

ಆಗ ನಾನು ಬಾಯಿಬಿಟ್ಟೆ. ಹುಡುಗನ ಶಾಫ್ಟ್ ಹಾಳು ಮಾಡಿದ ಕಥೆ ಅವರಿಗೆ ಹೇಳಿರಲಿಲ್ಲ. ಅದನ್ನು ಪೂರ್ತಿ ಉದ್ದಕ್ಕೂ ಒಂದೇ ಸಮ ಕಡೆದು ಸಣ್ಣದಾಗಿಸಿದರೆ ಸೊಂಟ ಮಾಯವಾಗುತ್ತದೆ, 12.3ರ ಶಾಫ್ಟಿನಲ್ಲಿ ಆಡುವವರೂ ಇದ್ದಾರೆ. ಆದರೆ ಅದಕ್ಕೆ ಎರಡು ಸೆಂಟರುಗಳ ನಡುವೆ 29 ಇಂಚು ಬೇಕು. ನಾನು ಕೊಳ್ಳಲು ಹೊರಟಿದ್ದರಲ್ಲಿ 14. ಅಣ್ಣನ ಮಾದರಿಯಲ್ಲೂ ಅಷ್ಟು ಉದ್ದ ಇಲ್ಲ. ಯಾವ ಕ್ಯೂಗಾಗಿ ಲೇತು ಕೊಳ್ಳುತ್ತಿದ್ದೇನೋ ಆ ಕ್ಯೂ ಅದರ ಮೇಲೆ ಕೂರುವುದೇ ಇಲ್ಲ.

ಅಪ್ಪಾಜಿ ಬಹಳ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. "ನಾನೂ ಜಾಬು ಹಾಳು ಮಾಡೀನಿ" ಅಂದರು ಕೊನೆಗೆ. "ರಿಜೆಕ್ಷನ್ ಅಂತ ಕೆಂಪು ಬಣ್ಣ ಹಚ್ಚತಿದ್ರು, ಎಲ್ಲಾರ ಮುಂದೆ ಅದನ್ನ ಹೊತ್ಕಂಡು ಹೋಗಬೇಕಿತ್ತು. ಮಷೀನು ಬದಲಿ ಮಾಡ್ತೀನಿ ಅಂತ ಯಾವತ್ತೂ ಅನ್ನಲಿಲ್ಲ. ಆ ಹುಡುಗನ ಮನೆಗೆ ಹೋಗಿದ್ಯಾ?" ಹೋಗಿರಲಿಲ್ಲ. "ಮೊದಲು ಹೋಗು. ಲೇತು ಕೆಲಸಕ್ಕೆ ತಗೋ."

20ರದ್ದೇ ಕೊಂಡೆ. ಪ್ರಾವಿಡೆಂಟ್ ಫಂಡಿನ ದುಡ್ಡು. ಸಾಮಾನು ಸರಂಜಾಮು ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಹತ್ತಿರ. ನನ್ನ ಹೆಂಡತಿ ರಾಣೆಬೆನ್ನೂರಿನವಳು, ದುಡ್ಡಿನ ವಿಷಯದಲ್ಲಿ ನನಗಿಂತ ಗಟ್ಟಿ. "ರೀ, ಒಂದು ಟಿಪ್ಪಿಗೆ 150 ಅಂದ್ರೆ ಇದು ಯಾವಾಗ ತೀರತೈತಿ?" ಅಂದಳು. ಲೆಕ್ಕ ಹಾಕಿ ಹೇಳಿದೆ. ಆಮೇಲೆ ಆ ವಿಷಯ ತೆಗೆಯಲಿಲ್ಲ. ಉತ್ತರ ಅಷ್ಟು ಕೆಟ್ಟದಾಗಿತ್ತು.

ಇಬ್ಬರು ಹಮಾಲರು ಮೂರು ಮಹಡಿ ಹತ್ತಿಸಿದರು. ಬಾಲ್ಕನಿಯಲ್ಲಿ ಕೂರಿಸಿದ ಮೇಲೆ ಗೊತ್ತಾಯಿತು: ಲೇತಿನ ಉದ್ದ ಎರಡೂವರೆ ಅಡಿ, ಅದರ ಹಿಂದೆ ಸ್ನೂಕರ್ ಕ್ಯೂ ಇನ್ನೂ ನಾಲ್ಕಡಿ ಚಾಚಬೇಕು. ಬಾಲ್ಕನಿ ಸಾಲದು. ಕೊನೆಗೆ ಅಡುಗೆಮನೆಯ ಕಿಟಕಿಯ ಗಾಜು ಸರಿಸಿ, ಕ್ಯೂವಿನ ಬಾಲವನ್ನು ಒಳಕ್ಕೆ ಬಿಡುವ ವ್ಯವಸ್ಥೆಯಾಯಿತು. ನಾನು ಹೊರಗೆ ಟಿಪ್ ಕಡೆಯುತ್ತಿದ್ದರೆ ಒಳಗೆ ಮಿಕ್ಸಿಯ ಪಕ್ಕದಲ್ಲಿ ಯಾರದೋ ಕ್ಯೂವಿನ ಬಟ್ ತಿರುಗುತ್ತಿರುತ್ತದೆ. ಲೇತು ಕೊಳ್ಳುವವರು ಲೇತಿನ ಅಳತೆ ಕೇಳುತ್ತಾರೆ, ಅದರ ಎಡಕ್ಕೆ ಎಷ್ಟು ಜಾಗ ಬೇಕು ಅಂತ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

"ಹಿಂದೆ ಉದ್ದ ಬಿಟ್ಟರೆ ಹಾವಿನಂಗೆ ಹೊಡೀತದೆ, ಆಸರೆ ಕೊಡದೆ ತಿರುಗಿಸಬ್ಯಾಡ" ಅಂತ ಅಪ್ಪಾಜಿ ಹೇಳಿದ್ದರು. ನಾನು ಮೊದಲ ದಿನವೇ ತಿರುಗಿಸಿದೆ. ನಿಮಿಷಕ್ಕೆ 300 ಸುತ್ತಿನಲ್ಲಿ ಏನೂ ಆಗಲಿಲ್ಲ. 800ಕ್ಕೆ ಏರಿಸಿದೆ. ಬಾಲ ಒಂದು ಸಲ ನಡುಗಿತು, ಮರುಕ್ಷಣ ಬಿಲ್ಲಿನಂತೆ ಬಾಗಿ ಕಿಟಕಿಯ ಚೌಕಟ್ಟಿಗೆ ಅಪ್ಪಳಿಸಿತು. ನನ್ನ ಸ್ವಂತ ಕ್ಯೂ, ಹನ್ನೆರಡು ವರ್ಷ ಆಡಿದ್ದು, ಎರಡು ತುಂಡು. ಹೆಂಡತಿ ಆ ಹೊತ್ತಿಗೆ ದೇವರ ಮನೆಯಲ್ಲಿದ್ದಳು, ಅದೊಂದು ಪುಣ್ಯ. ಮಾರನೆಯ ದಿನ ಪಿವಿಸಿ ಪೈಪಿನ ತುಂಡುಗಳ ಒಳಗೆ ಫೆಲ್ಟ್ ಅಂಟಿಸಿ, ಸ್ಪಿಂಡಲಿನ ಎತ್ತರಕ್ಕೆ ಸರಿಯಾಗಿ ಎರಡು ಆಸರೆ ಮಾಡಿದೆ. ಸ್ಪಿಂಡಲಿನ ಹಿಂಬಾಯಿಗೂ ಒಂದು ಬುಷ್ ಹಾಕಿದೆ, ಇಲ್ಲದಿದ್ದರೆ ಸಣ್ಣ ಮರ ದೊಡ್ಡ ತೂತಿನಲ್ಲಿ ಕುಲುಕುತ್ತದೆ.

ಚಕ್ಕಿನ ವಿಷಯವೂ ಇದೆ. ಮೂರು ದವಡೆಯ ಚಕ್ ಕಬ್ಬಿಣಕ್ಕೆ ಸರಿ, ಮರವನ್ನು ನೇರ ಕಚ್ಚಿಸಿದರೆ ಮೂರು ಗಾಯ. ನೈಲಾನ್ ಸಲಾಕೆಯ ತುಂಡನ್ನು ಚಕ್ಕಿಗೇ ಕಚ್ಚಿಸಿ, ಅಲ್ಲೇ ತೂತು ಕೊರೆದು, ಉದ್ದಕ್ಕೆ ಒಂದು ಸೀಳು ಹಾಕಿದರೆ ಬುಷ್ ತಯಾರು. ಒಂದನೇ ನಂಬರಿನ ದವಡೆಯ ಎದುರಿಗೆ ಗುರುತು ಮಾಡಿಟ್ಟು ಪ್ರತಿಸಲ ಅದೇ ಜಾಗಕ್ಕೆ ಹಾಕಿದರೆ, ಚಕ್ಕಿನ ಸೊಟ್ಟ ಎಷ್ಟೇ ಇರಲಿ, ತೂತು ನಡುವೆಯೇ ಇರುತ್ತದೆ. ಇದೂ ಅಪ್ಪಾಜಿ ಹೇಳಿಕೊಟ್ಟದ್ದು. ಕಾರ್ಬೈಡ್ ಟೂಲ್ ಬೇಡ, ಹೈಸ್ಪೀಡ್ ಸ್ಟೀಲನ್ನು ಸಾಣೆ ಹಿಡಿದು ಕ್ಷೌರದ ಕತ್ತಿಯಂತೆ ಮಾಡಿಕೋ, ಚರ್ಮಕ್ಕೆ ಅದೇ ಅಂದರು. ಬೆಡ್ಡಿನ ಎಣ್ಣೆ ಮರಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ, ಮರಳು ಕಾಗದದ ಪುಡಿ ಬೆಡ್ಡಿಗೆ ಬಿದ್ದರೆ ಬೆಡ್ ಸವೆಯುತ್ತದೆ. ಆದ್ದರಿಂದ ಕೆಲಸಕ್ಕೆ ಮುಂಚೆ ಹಳೇ ಪೇಪರನ್ನು ಒದ್ದೆ ಮಾಡಿ ಹಾಸುತ್ತೇನೆ. ಉಂಗುರ, ವಾಚು, ತುಂಬುತೋಳು, ಕೈಚೀಲ ಯಾವುದೂ ಇಲ್ಲ. ಫೋನ್ ಒಳಗೆ.

ಒಂದು ಸಲ ಮಾತ್ರ ಫೋನನ್ನು ಮಷೀನಿನ ಹತ್ತಿರ ತಂದೆ. ಫೆರೂಲಿನ ಮುಖ ತೆಗೆಯುವಾಗ ಸಣ್ಣ ಸಣ್ಣ ಅಲೆಗಳ ಗುರುತು ಬೀಳುತ್ತಿತ್ತು, ಎಷ್ಟು ಸಾಣೆ ಹಿಡಿದರೂ ಹೋಗಲಿಲ್ಲ. ವಿಡಿಯೋ ಕಳಿಸಿ ಏನು ಮಾಡುವುದು, ಅವರಿಗೆ ಕಾಣುವುದಿಲ್ಲ. ಸ್ಪೀಕರ್ ಹಾಕಿ ಸ್ಟೂಲಿನ ಮೇಲಿಟ್ಟು ಲೇತು ಶುರು ಮಾಡಿದೆ. "ಇನ್ನೊಂದು ಸಲ" ಅಂದರು. "ನಿಧಾನಕ್ಕೆ ಒಳಗೆ ತಾ. ಹಾಂ. ನಡುವಿಗೆ ಬಂದಾಗ ಕಿರ್ ಅನ್ನೋದು ನಿಲ್ಲತದಾ?" ನಿಲ್ಲುತ್ತಿರಲಿಲ್ಲ, ಒಂದು ಸಣ್ಣ ಮೊಳೆ ಉಳಿಯುತ್ತಿತ್ತು. "ಟೂಲು ಸೆಂಟರಿಗಿಂತ ಕೆಳಗದೆ. ತೆಳು ತಗಡು ಒಂದು ಅಡಿಗಿಡು." ಚಹಾ ಪುಡಿಯ ಡಬ್ಬಿಯ ತಗಡು ಕತ್ತರಿಸಿ ಇಟ್ಟೆ. ಕಿರಗುಟ್ಟುವುದು ನಿಂತಿತು. ಆ ಕಡೆಯಿಂದ ಮಾತಿಲ್ಲ. ಮಷೀನು ಆಫ್ ಮಾಡಲು ಹೋದರೆ, "ಇರಲಿ, ಸ್ವಲ್ಪ ಹೊತ್ತು ಓಡಲಿ" ಅಂದರು. ಬರಿದೇ ಓಡಿಸಿದೆ. ಮೂರು ನಿಮಿಷ ಇರಬಹುದು.

ಆಮೇಲೆ ಒಂದು ಸಲ ಒಳಗಿನ ನೈಲಾನ್ ಗಾಲಿಯ ಹಲ್ಲು ಮುರಿಯಿತು, ನನ್ನ ಅವಸರದಿಂದ. ಬಿಡಿಭಾಗ ಬರಲು ಮೂರು ವಾರ. ಬಟ್ಟಿನ ಕೆಲಸ ಬಂದರೆ ಈಗಲೂ ಬೇರೆಯವರ ಹತ್ತಿರ ಕಳಿಸುತ್ತೇನೆ. ಕಳಿಸುವಾಗ ಪ್ರತಿಸಲ 38ರ ನೆನಪಾಗುತ್ತದೆ.

ಹುಡುಗನ ಮನೆಗೆ ಹೋದದ್ದು ಲೇತು ಬರುವ ಮೊದಲೇ. ಕಳವಾದಲ್ಲಿ ಚಾಳಿನಂಥ ಮನೆ. ಅವನು ಇರಲಿಲ್ಲ, ತಾಯಿ ಪೋಹೆ ಕೊಟ್ಟರು. ಬಂದ ಮೇಲೆ, ಆ ದಿನ ಫೋನಿನಲ್ಲಿ ಮಾತಾಡುತ್ತಾ ನಿನ್ನ ಶಾಫ್ಟ್ ಕೆಡಿಸಿದೆ, ತಪ್ಪು ನನ್ನದು ಅಂತ ಮರಾಠಿಯಲ್ಲಿ ಹೇಳಿದೆ. ಪಂದ್ಯ ಏನಾಯಿತು ಅಂತ ಕೇಳಿದೆ. ಎರಡನೇ ಸುತ್ತಿನಲ್ಲಿ ಸೋತನಂತೆ. "ಕ್ಯೂನಿಂದ ಅಲ್ಲ ಕಾಕಾ, ಎದುರಿಗಿದ್ದವನು ಚೆನ್ನಾಗಿ ಆಡಿದ" ಅಂದ. ನಿಜವೋ ನನ್ನ ಮುಖ ನೋಡಿ ಹೇಳಿದ್ದೋ ಗೊತ್ತಾಗಲಿಲ್ಲ. ಅಂಕಲ್ ಹೋಗಿ ಕಾಕಾ ಆಗಿತ್ತು, ಅಷ್ಟನ್ನು ಗಮನಿಸಿದೆ. ಅವನ ಬಟ್ಟಿನ ಸ್ಕ್ರೂವಿನ ಎಳೆ ಅಳೆದುಕೊಂಡು ಬಂದು, ಅದಕ್ಕೆ ಹೊಂದುವ ಹೊಸ ಶಾಫ್ಟ್ ತರಿಸಿದೆ. ಅದನ್ನು ಲೇತಿನಲ್ಲಿ ಹಿಡಿದು, ಮುಖ ತೆಗೆದು, ಅವನಿಗೆ ಬೇಕಾದ ಟಿಪ್ಪನ್ನು ಹಾಕಿ, ಕಡೆದು, ಗುಮ್ಮಟ ಮಾಡಿ ಕೊಟ್ಟೆ. ಜೋಡಿಸುವ ಕಡೆ ಬೆರಳಿಗೆ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ, ಹಳೆಯದರಷ್ಟು ಸರಿಯಾಗಿ ಕೂರಲಿಲ್ಲ. ಅದನ್ನೂ ಹೇಳಿಯೇ ಕೊಟ್ಟೆ. ಎಡಗೈ ಮೇಲೆ ಆಡಿಸಿ ನೋಡಿದ. ಮೂರು ಸಲ, ನಾಲ್ಕು ಸಲ.

ಹಳೆಯ ಶಾಫ್ಟನ್ನು ಅವನು ನನಗೇ ಬಿಟ್ಟು ಹೋದ. ಅದು ಈಗ ಲೇತಿನ ಪಕ್ಕದ ಗೋಡೆಯ ಮೇಲಿದೆ. ಬುಷ್ ಹೊಸದಾಗಿ ಮಾಡಿದಾಗಲೆಲ್ಲ ಅದನ್ನೇ ಹಾಕಿ ತಿರುಗಿಸಿ ನೋಡುತ್ತೇನೆ. ಕಳೆದ ಭಾನುವಾರವೂ ನೋಡಿದೆ. ಅಪ್ಪಾಜಿ ಫೋನಿನಲ್ಲಿ, "ಎಷ್ಟು ಔಟಿದೆ?" ಅಂದರು.

"ಎರಡು ಥೌ, ಅಪ್ಪಾಜಿ."

"ಮರ ತಾನೆ, ನಡೀತದೆ" ಅಂದರು. ಆಮೇಲೆ, "ಬುಷ್ ಇನ್ನೊಂದು ಸಲ ಮಾಡಿ ನೋಡು."